ಏಳನೆಯ ಸಂಪುಟ

ತಿಂಗಳಿಗೆರಡು ಮಂಗಳವಾರ
ಶೆಟ್‌ಲೆಂಡಿನ ಯೆಲ್ ದ್ವೀಪದಲ್ಲಿ
ಪುಸ್ತಕದ ವ್ಯಾನು ಓಡಿಸುತ್ತೇನೆ ನಾನು.
ಇಲ್ಲಿಯ ಗಾಳಿಗೆ ಬಾಗಿಲು ತೆರೆದರೆ ಮುಚ್ಚುವುದಿಲ್ಲ,
ಮುಚ್ಚಿದರೆ ತೆರೆಯುವುದಿಲ್ಲ;
ಓದುಗರ ಬಾಯಿಯೂ ಹಾಗೆಯೇ.

ಈ ಸಲದ ತಗಾದೆ ಆರ್ಡ್‌ಕೆಲ್ಲಿ ಮನೆತನದ್ದು.
ಏಳನೆಯ ಸಂಪುಟ, ಐನೂರ ಹನ್ನೆರಡು ಪುಟ,
ರಕ್ಷಾಪುಟದ ಮೇಲೆ ಕೆಂಪು ನಿಲುವಂಗಿಯ ಹುಡುಗಿ,
ಅವಳ ಹಿಂದೆ ತಲೆಯಿಲ್ಲದ ಗಂಡಸು.
ತಲೆ ಇತ್ತು. ನಮ್ಮ ಕಚೇರಿಯವರು
ಸರಿಯಾಗಿ ಅಲ್ಲಿಗೇ ಅಂಕಿಯ ಚೀಟಿ ಅಂಟಿಸಿದ್ದಾರೆ.

ವಿಲಿಯಮಿನಾ ಮೆಟ್ಟಿಲೇರುವ ಮೊದಲೇ ಶುರು:
"ಸಾವಿರದ ಏಳುನೂರ ನಲವತ್ತಾರರಲ್ಲಿ
ಯಾವಳಮ್ಮ ಬೆಂಕಿಕಡ್ಡಿ ಗೀರಿದ್ದು?
ಒಮ್ಮೆಯಲ್ಲ, ಮೂರು ಸಲ!
ಮೂರನೆಯದು ಮುತ್ತಿಡುವ ಮುಂಚೆ!"
ಮೂವತ್ತು ವರ್ಷ ಟೀಚರಾಗಿದ್ದ ಕೈ.
ಪುಟದಂಚಿನಲ್ಲಿ ಸೀಸದಕಡ್ಡಿಯಿಂದ: ತಪ್ಪು.
ಮತ್ತೊಂದರಲ್ಲಿ: ತಪ್ಪು.
ಮೂರನೆಯದರಲ್ಲಿ ಮಾತ್ರ
ಬರೆದು ಅಳಿಸಿದ ಗುರುತು.

ಓಸ್ಲಾಳಿಗೆ ಬೆಂಕಿಕಡ್ಡಿಯ ಗೊಡವೆಯಿಲ್ಲ,
ಅವಳ ಸಿಟ್ಟೆಲ್ಲ ಅಜ್ಜಿಯ ಪರ.
"ಮೊದಲ ಸಂಪುಟದಲ್ಲಿ ಕುದುರೆ ಕದ್ದು
ಹೊಳೆ ಹಾರಿಸಿದ ಹೆಣ್ಣು ಅವಳು.
ಏಳಕ್ಕೆ ಬರುವಷ್ಟರಲ್ಲಿ
ಮೂಲೆಯಲ್ಲಿ ಕೂತು ಕೆಮ್ಮುವುದಷ್ಟೇ ಕೆಲಸ.
ಬರೆಯುವಾಕೆಗೆ, ಸೊಸೆಯಂದಿರು ಬಂದದ್ದೇ,
ಕಣ್ಣು ಕಾಣದೇ ಹೋಯಿತೆ?"
ಹೇಳಿ, ಎಂಬತ್ತೊಂದರ ಓಸ್ಲಾ
ನಾನು ಚಾಚಿದ ಕೈ ಹಿಡಿಯದೆ
ವ್ಯಾನಿನಿಂದ ಕೆಳಕ್ಕೆ ಜಿಗಿದಳು.

ಸಾಲ್ಮನ್ ಮೀನಿನ ಶೆಡ್ಡಿನಿಂದ ಬರುವ ಇಂಗಾ
ಆರನ್ನು ಮುಟ್ಟದೆ ಸೀದಾ ಏಳಕ್ಕೆ ಇಳಿದವಳು.
"ಯಾರು ಯಾರ ಮಗ ಅಂತ ತಿಳಿಯಲಿಲ್ಲ,
ನಮ್ಮ ಮನೆಯದೂ ತಿಳಿಯುವುದಿಲ್ಲ ಬಿಡಿ.
ಆ ದೀಪಸ್ತಂಭದ ರಾತ್ರಿ ಇದೆಯಲ್ಲ,
ಊಟದ ಬಿಡುವಿನಲ್ಲಿ ಗಟ್ಟಿಯಾಗಿ ಓದಿದೆ.
ಹುಡುಗರೆಲ್ಲ ಕೈಗವಸು ಬಿಚ್ಚಿಟ್ಟು ಕೇಳಿದರು.
ಸೂಪರ್‌ವೈಸರ್ ಕೂಡ."

ಮುದುಕ ಲೋವ್ರಿ ತನಗೆಂದು ಒಯ್ಯುವುದಿಲ್ಲ,
"ಹೆಂಡತಿಗೆ" ಅನ್ನುತ್ತಾನೆ.
ಆಕೆ ತೀರಿಕೊಂಡು ನಾಲ್ಕು ವರ್ಷ.
ನಾನು ಕೇಳುವುದಿಲ್ಲ.
"ಅವಳಿಗೆ ಹಿಡಿಸಲಿಲ್ಲ.
ಆ ಕೊಲ್ಲಿಯಲ್ಲಿ ಬಡಗಣ ಗಾಳಿಗೆ ಹಾಯಿ ಬಿಚ್ಚಿ
ಪಾರಾಗುವುದು ಸಾಧ್ಯವೇ ಇಲ್ಲವಂತೆ.
ಅವನು ಮುಳುಗಬೇಕಿತ್ತಂತೆ."
ಟೋಪಿ ತೆಗೆದು, ಒದರಿ, ಮತ್ತೆ ಹಾಕಿಕೊಂಡು,
"ಆದರೂ ಮುಳುಗದ್ದು ಒಳ್ಳೆಯದೇ ಆಯಿತಂತೆ."

ಪಾದ್ರಿಯ ಹೆಂಡತಿ ರೊಬೀನಾ ಮಾತ್ರ
ಅಡ್ಡಗೋಡೆಯ ಮೇಲೆ ದೀಪವಿಟ್ಟವಳು:
ಭಾಷೆ ಚೆನ್ನ, ನೀತಿ ತೆಳು,
ಬೆಲ್ಲ ಜಾಸ್ತಿ, ಹಾಗಂತ ಬಿಸಾಡುವಂಥದ್ದೂ ಅಲ್ಲ.
ನೂರ ತೊಂಬತ್ತನೆಯ ಪುಟದ ಸಂದಿಯಲ್ಲಿ
ಅವಳ ಶುಂಠಿ ಬಿಸ್ಕತ್ತಿನ ಪುಡಿ.
ಓದು ನಿಲ್ಲಿಸಿ ತಿಂದಂತೆ ಕಾಣುವುದಿಲ್ಲ.

"ನೀನೇ ಹೇಳು, ಒಳ್ಳೆಯದೋ ಕೆಟ್ಟದ್ದೋ?"
ಎಲ್ಲರೂ ಒಂದಲ್ಲ ಒಂದು ದಿನ ಕೇಳಿದರು.
ನಾನು ಓದಿಲ್ಲ. ನಾನು ಓದುವುದು
ಮಡಿಸಿದ ಪುಟದ ಕಿವಿ, ಚಹಾದ ಉಂಗುರ,
ಬುಕ್‌ಮಾರ್ಕಾಗಿ ಸಿಕ್ಕ ಉಣ್ಣೆಯ ಎಳೆ.
ದೋಣಿಗೆ ಕಾಯುತ್ತ ಮೊನ್ನೆ
ಬೆನ್ನಿನ ಮೇಲೆ ನಿಲ್ಲಿಸಿ ಕೈಬಿಟ್ಟೆ.
ಹೆಚ್ಚು ತೆರೆದ ಜಾಗದಲ್ಲಿ
ಪುಸ್ತಕ ತಾನೇ ತೆರೆದುಕೊಳ್ಳುತ್ತದೆ.

ಮುನ್ನೂರ ಆರು.
ಅಲ್ಲಿ ಮುತ್ತಿಲ್ಲ, ಕತ್ತಿಯಿಲ್ಲ, ದೀಪಸ್ತಂಭವಿಲ್ಲ.
ಜಮೀನಿಗಾಗಿ ಮಾತು ಬಿಟ್ಟ ಅಣ್ಣ ತಮ್ಮ
ಕಂದು ಹಸುವಿನ ಕಷ್ಟದ ಹೆರಿಗೆಗೆ
ರಾತ್ರಿಯಿಡೀ ಒಂದೇ ಲಾಟೀನನ್ನು
ಕೈಯಿಂದ ಕೈಗೆ ಬದಲಾಯಿಸುತ್ತ ನಿಂತಿದ್ದಾರೆ.
ಕರು ಎದ್ದು ನಿಂತ ಮೇಲೂ ಮಾತಾಡುವುದಿಲ್ಲ.
ಪುಟದಂಚು ಖಾಲಿ. ತಪ್ಪೆಂದಿಲ್ಲ, ಒಪ್ಪೆಂದಿಲ್ಲ.
ಇಷ್ಟು ಜಗಳದಲ್ಲಿ ಒಬ್ಬರೂ
ಈ ಹಸುವಿನ ಸುದ್ದಿ ಎತ್ತಲಿಲ್ಲ.

ಎಂಟನೆಯದು ಫೆಬ್ರವರಿಗೆ ಬರುತ್ತದಂತೆ.
ಕಾಯುವವರ ಪಟ್ಟಿಯಲ್ಲಿ ಮೊದಲು ವಿಲಿಯಮಿನಾ,
"ತಪ್ಪು ಹಿಡಿಯಲಿಕ್ಕಾದರೂ ಯಾರಾದರೂ ಬೇಕಲ್ಲ."
ಲೋವ್ರಿಯದು ಎರಡನೆಯ ಹೆಸರು.
ಯಾರಿಗೆಂದು, ಈ ಸಲ, ಹೇಳಲಿಲ್ಲ.
ದೋಣಿ ಬಂತು. ಹ್ಯಾಂಡ್‌ಬ್ರೇಕ್ ಇಳಿಸಿದೆ.
ಹಿಂದೆ ಕಪಾಟಿನಲ್ಲಿ ಏನೋ ಬಿತ್ತು.